ಪಟ್ಟಾಪಟ್ಟಿ ಚಡ್ಡಿಯ ಫ್ಯಾಂಟಮ್

ಮೇ ತಿಂಗಳ ರಜೆಗೆ ಹುಬ್ಬಳ್ಳಿಯಿಂದ ಬಂದ ಮೊಮ್ಮಗಳು ಮೊದಲ ಎರಡು ದಿನ ಮೊಬೈಲಿನಿಂದ ತಲೆ ಎತ್ತಲಿಲ್ಲ. ಮೂರನೆಯ ದಿನ ಗಾಳಿಮಳೆಗೆ ಕರೆಂಟು ಹೋಯಿತು. ಸಂಜೆಯ ಹೊತ್ತಿಗೆ ಮೊಬೈಲೂ ಕಣ್ಣು ಮುಚ್ಚಿತು. ಮಾಡಲು ಕೆಲಸವಿಲ್ಲದೆ ಅವಳು ಅಟ್ಟ ಹತ್ತಿ ನನ್ನ ಹಳೆಯ ಟ್ರಂಕು ಬಿಚ್ಚಿದಳು.

ಅದರೊಳಗೆ ಇಂದ್ರಜಾಲ ಕಾಮಿಕ್ಸಿನ ಪುಸ್ತಕಗಳಿದ್ದವು. ಸುಧಾ ವಾರಪತ್ರಿಕೆಯಿಂದ ಕತ್ತರಿಸಿ, ದಬ್ಬಣದಿಂದ ಹೊಲಿದಿಟ್ಟ ಫ್ಯಾಂಟಮ್ ಹಾಳೆಗಳಿದ್ದವು. ಕೆಲವಕ್ಕೆ ಇಲಿ ಬಾಯಿ ಹಾಕಿತ್ತು.

“ರದ್ದಿಗೆ ಹಾಕ್ರಿ ಅಂತ ಮದುವಿ ಆದಾಗಿಂದ ಹೇಳಾಕತ್ತೀನಿ” ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಮಾತು ಎಸೆದಳು. ನಾನು ಕೇಳಿಸದವನಂತೆ ಕುಳಿತೆ. ಎಪ್ಪತ್ತು ದಾಟಿದ ಮೇಲೆ ಈ ಒಂದು ವಿದ್ಯೆ ಚೆನ್ನಾಗಿ ಕೈಹತ್ತುತ್ತದೆ.

ಈಗಿನ ಮಕ್ಕಳಿಗೆ ಫ್ಯಾಂಟಮ್ ಯಾರೆಂದು ಹೇಳಬೇಕು. ಅಮೆರಿಕದ ಲೀ ಫಾಕ್ ಎಂಬವರು 1936ರ ಫೆಬ್ರವರಿಯಲ್ಲಿ ಪತ್ರಿಕೆಗಾಗಿ ಶುರು ಮಾಡಿದ ಚಿತ್ರಕಥೆಯ ನಾಯಕ ಅವನು. ಅದಕ್ಕೂ ಎರಡು ವರ್ಷ ಮೊದಲು ಅವರೇ ಮಾಂಡ್ರೇಕ್ ಎಂಬ ಜಾದೂಗಾರನನ್ನು ಹುಟ್ಟಿಸಿದ್ದರು. ನಾನೂರು ವರ್ಷಗಳ ಹಿಂದೆ, 1536ರಲ್ಲಿ, ಕಡಲುಗಳ್ಳರು ಒಂದು ಹಡಗನ್ನು ಮುಳುಗಿಸುತ್ತಾರೆ. ಅದರಲ್ಲಿ ಬದುಕಿ ದಡ ಸೇರಿದವನು ಒಬ್ಬನೇ. ಅವನನ್ನು ಬಂದರ್ ಎಂಬ ಕಾಡುಜನ ಉಳಿಸುತ್ತಾರೆ. ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಕೈಯಿಟ್ಟು, ನಾನೂ ನನ್ನ ವಂಶವೂ ಅನ್ಯಾಯದ ವಿರುದ್ಧ ಹೋರಾಡುತ್ತೇವೆ ಎಂದು ಅವನು ಆಣೆ ಮಾಡುತ್ತಾನೆ. ಅಪ್ಪ ಸತ್ತರೆ ಮಗ ಅದೇ ಮುಸುಕು, ಅದೇ ಬಟ್ಟೆ ತೊಡುತ್ತಾನೆ. ನಾವು ಓದುತ್ತಿದ್ದವನು ಇಪ್ಪತ್ತೊಂದನೆಯವನು. ಕಾಡಿನ ಜನಕ್ಕೆ ಮಾತ್ರ ಎಲ್ಲರೂ ಒಬ್ಬನೇ, ಸಾವಿಲ್ಲದ ನಡೆದಾಡುವ ಭೂತ. ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಅವನನ್ನು ನಮ್ಮ ದೇಶದ ಮಕ್ಕಳ ಕೈಗೆ ಕೊಟ್ಟಿತು.

ನನಗೆ ಮೊದಲ ಪುಸ್ತಕ ತಂದುಕೊಟ್ಟವನು ಸೊಲ್ಲಾಪುರದಲ್ಲಿದ್ದ ಸೋದರಮಾವ. ಅದು ಇಂಗ್ಲಿಷಿನಲ್ಲಿತ್ತು. ನನಗೆ ಆಗ ಇಂಗ್ಲಿಷ್ ಎಂದರೆ ಎ, ಬಿ, ಸಿ, ಡಿ ಮಾತ್ರ. ಹಾಗಾಗಿ ಚಿತ್ರ ನೋಡಿ ಕಥೆಯನ್ನು ನಾನೇ ಕಟ್ಟಿಕೊಂಡೆ. ಬಿಗಿಯಾದ ಬಟ್ಟೆ, ಮೇಲೊಂದು ಪಟ್ಟಾಪಟ್ಟಿ ಚಡ್ಡಿ, ದಪ್ಪ ತೋಳು, ಒಂದೇ ಏಟಿಗೆ ಮೂರು ಮಂದಿ ಉರುಳುವುದು. ಇವನು ಮುಧೋಳದ ಕಡೆಯ ಗರಡಿಮನೆಯ ಪೈಲ್ವಾನನೇ ಇರಬೇಕು, ಅವಸರದಲ್ಲಿ ಧೋತರ ಮರೆತು ಬಂದಿದ್ದಾನೆ ಎಂದುಕೊಂಡಿದ್ದೆ.

ಮೊಮ್ಮಗಳು ಹಾಗಲ್ಲ. ಅವಳು ಪುಟ ತಿರುವುತ್ತ ಒಂದೊಂದೇ ಆಕ್ಷೇಪಣೆ ತೆಗೆಯತೊಡಗಿದಳು. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಆಡಿಟ್ ಕಂಡವನು ನಾನು. ಇಷ್ಟು ಕಟ್ಟುನಿಟ್ಟಿನ ಆಡಿಟರ್ ಬಂದದ್ದು ನೆನಪಿಲ್ಲ.

“ಮುತ್ಯಾ, ಇಂವ ಚಡ್ಡಿ ಹೊರಗ ಯಾಕ ಹಾಕ್ಕೊಂಡಾನ?”

ಸುಮ್ಮನೆ ಬಿಡುವ ಪ್ರಶ್ನೆಯಲ್ಲ. ಆ ಕಾಲದ ಅಮೆರಿಕದ ಸರ್ಕಸ್ ಪೈಲ್ವಾನರು ಮೈಗಂಟಿದ ಬಟ್ಟೆಯ ಮೇಲೆ ಗಿಡ್ಡ ಚಡ್ಡಿ ತೊಡುತ್ತಿದ್ದರು. ಚಿತ್ರ ಬರೆಯುವವರಿಗೆ ಅದೇ ಶೂರರ ವೇಷವಾಯಿತು. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ. ಅಂದರೆ ಹೊರಚಡ್ಡಿಯ ಸರ್ವಿಸಿನಲ್ಲಿ ಫ್ಯಾಂಟಮ್ ಎರಡು ವರ್ಷ ಸೀನಿಯರ್. ಇಷ್ಟು ಹೇಳಿ, “ನಮ್ಮ ಶ್ರೀಕೃಷ್ಣ ಪಾರಿಜಾತದಾಗ ಮೀಸಿ ಬೋಳಿಸಿದ ಗಂಡಸು ಸತ್ಯಭಾಮಾ ಆಗಿ ಬಂದರ ಯಾರರ ಕೇಳತಾರೇನು? ಇದೂ ಹಂಗ ಒಂದು ಆಟದ ವೇಷ” ಎಂದೆ. ಅವಳು ಒಪ್ಪಿದಳು. ಮೊದಲ ಆಕ್ಷೇಪಣೆ ತೀರಿತು.

ಎರಡನೆಯದು ಬಣ್ಣ. ಹಸಿರು ಕಾಡಿನಲ್ಲಿ ಅಡಗಿ ಓಡಾಡುವವನು ನೇರಳೆ ಬಟ್ಟೆ ತೊಡುವುದೇ? ಬದನೆಕಾಯಿ ಹೊಲದಲ್ಲಾದರೆ ಅಡಗಬಹುದು! ಇದಕ್ಕೂ ಕಾರಣವಿದೆ. ಪತ್ರಿಕೆಯಲ್ಲಿ ಕಥೆ ಮೊದಲು ಕಪ್ಪು ಬಿಳುಪಿನಲ್ಲಿ ಬರುತ್ತಿತ್ತು. ಲೀ ಫಾಕ್ ಮನಸ್ಸಿನಲ್ಲಿದ್ದುದು ಬೂದು ಬಣ್ಣ. 1939ರಲ್ಲಿ ಭಾನುವಾರದ ಬಣ್ಣದ ಪುಟ ಶುರುವಾದಾಗ ಅದು ನೇರಳೆಯಾಗಿ ಅಚ್ಚಾಯಿತು, ಹಾಗೇ ನಿಂತಿತು. ಸ್ವೀಡನ್ನಿನವರು ಅವನಿಗೆ ನೀಲಿ ಬಳಿದರು, ಇಟಲಿಯವರು ಕೆಂಪು. ನಮ್ಮ ಮನೆಗಳಿಗೆ ಸುಣ್ಣಬಣ್ಣ ಮಾಡುವವರೂ ಹೇಳಿದ್ದು ಒಂದು, ಬಳಿದದ್ದು ಇನ್ನೊಂದು ಮಾಡುವುದುಂಟಲ್ಲ, ಹಾಗೆ.

ಮೂರನೆಯದು ಹುಲಿ. ಕಥೆಯಲ್ಲಿ ಕಾಡು ಆಫ್ರಿಕಾದ್ದು, ಆಫ್ರಿಕಾದ ಕಾಡಿನಲ್ಲಿ ಹುಲಿಯೇ ಇಲ್ಲ ಎಂದು ಅವಳ ಶಾಲೆಯ ಪುಸ್ತಕ ಹೇಳುತ್ತದೆ. ನಾನು ನಕ್ಕೆ. ಶುರುವಿನಲ್ಲಿ ಆ ಕಾಡು ಏಷ್ಯಾದಲ್ಲಿತ್ತು. ವರ್ಷ ಕಳೆದಂತೆ ಕಥೆಗಾರರು ಅದನ್ನು ಆಫ್ರಿಕಾಕ್ಕೆ ಸಾಗಿಸಿದರು. ಇಡೀ ಕಾಡಿಗೇ ವರ್ಗಾವಣೆ! ನನಗೆ ಲೋಕಾಪುರದಿಂದ ಮೂರು ತಾಸಿನ ಹಾದಿಯ ಊರಿಗೆ ವರ್ಗವಾದಾಗ ಸಾಮಾನು ಸಾಗಿಸಲು ಹದಿನೈದು ದಿನ ಬೇಕಾಯಿತು. ಇಲ್ಲಿ ಒಂದು ಮರದ ಎಲೆಯೂ ಅಲುಗದೆ ಖಂಡ ಬದಲಾಯಿತು. ಹುಲಿಗಳಿಗೆ ಮಾತ್ರ ಯಾರೂ ಆರ್ಡರ್ ಕೊಟ್ಟಿರಲಿಕ್ಕಿಲ್ಲ, ಪಾಪ, ಕಾಡಿನ ಜೊತೆಗೇ ಹೋಗಿಬಿಟ್ಟವು. ಅಲ್ಲಿ ಈಡನ್ ಎಂಬ ನಡುಗಡ್ಡೆಯೂ ಒಂದಿದೆ. ಅಲ್ಲಿ ಹುಲಿ, ಸಿಂಹ, ಜಿಂಕೆ ಒಟ್ಟಿಗೇ ಇರುತ್ತವೆ. ಜಿಂಕೆಯನ್ನು ಮುಟ್ಟದಂತೆ ಫ್ಯಾಂಟಮ್ ಹುಲಿಗೆ ಮೀನು ತಿನ್ನುವುದನ್ನು ಕಲಿಸಿದ್ದಾನೆ. “ಮೀನಿಗೆ ಜೀವ ಇಲ್ಲೇನು?” ಎಂದು ಅವಳು ಕೇಳಿದಾಗ ನಾನು ಮುಂದಿನ ಪುಟ ತಿರುವಿದೆ.

ಅವನು ಪಟ್ಟಣಕ್ಕೆ ಹೋಗುವಾಗ ಆ ಬಟ್ಟೆಯ ಮೇಲೆಯೇ ದೊಡ್ಡ ಕೋಟು ಹಾಕಿ, ಟೊಪ್ಪಿಗೆ ಇಟ್ಟು, ಕಪ್ಪು ಕನ್ನಡಕ ಏರಿಸಿ “ವಾಕರ್” ಎಂಬ ಹೆಸರಿನಲ್ಲಿ ಹೋಗುತ್ತಾನೆ. ಜೊತೆಗೆ ಡೆವಿಲ್ ಎಂಬ ತೋಳ. ಜನ ನಾಯಿ ಎಂದರೆ, ನಾಯಿಯಲ್ಲ, ತೋಳ ಎಂದು ತಿದ್ದುತ್ತಾನೆ. ಗುಟ್ಟಾಗಿ ಬಂದವನು ಯಾರಾದರೂ ಹೀಗೆ ಹೇಳಿಕೊಂಡು ತಿರುಗುತ್ತಾನೆಯೇ? ಮುಧೋಳ ನಾಯಿ ಎಂದು ಹೇಳಿದ್ದರೆ ಯಾರಿಗೂ ಸಂಶಯ ಬರುತ್ತಿರಲಿಲ್ಲ. ನಮ್ಮ ತಾಲೂಕಿನ ಆ ನಾಯಿಯ ಚಿತ್ರ 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದಿದೆ. ಇನ್ನು ಬಂದರಿನ ಪುಂಡರು ಕುಡಿಯುವ ಅಂಗಡಿಗೆ ನುಗ್ಗಿ ಇವನು ಕೇಳುವುದು ಏನನ್ನು? ಒಂದು ಲೋಟ ಹಾಲು! ಪುಂಡರು ನಗುತ್ತಾರೆ. ಮುಂದಿನ ಚೌಕದಲ್ಲಿ ನಕ್ಕವರೆಲ್ಲ ನೆಲದ ಮೇಲೆ. ದವಡೆಯ ಮೇಲೆ ಉಂಗುರದ ತಲೆಬುರುಡೆ ಗುರುತು ಬೀಳುತ್ತದೆ, ಅದು ಸಾಯುವತನಕ ಅಳಿಸುವುದಿಲ್ಲ. ನಮ್ಮ ಬ್ಯಾಂಕಿನ ರಬ್ಬರ್ ಸ್ಟಾಂಪು ಒಂದು ಮಳೆಗಾಲಕ್ಕೆ ಮಾಸುತ್ತಿತ್ತು. ಆ ಶಾಯಿ ಎಲ್ಲಿ ಸಿಗುತ್ತದೋ!

“ಇಂವಗ ಸಂಬಳ ಯಾರು ಕೊಡತಾರ?” ಎಂಬುದು ಮುಂದಿನ ಪ್ರಶ್ನೆ. ತಲೆಬುರುಡೆಯ ಗವಿಯಲ್ಲಿ ರಾಜಮಹಾರಾಜರು ಕೊಟ್ಟ ಮುತ್ತುರತ್ನಗಳ ಕೋಣೆಯೇ ಇದೆ. ಸಂಬಳದ ಚಿಂತೆಯಿಲ್ಲ, ಲಾಕರ್ ಬಾಡಿಗೆಯೂ ಇಲ್ಲ. ನನಗೆ ಕಾಡುವ ಚಿಂತೆ ಬೇರೆ. ನನ್ನಂಥ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಬದುಕಿದ್ದೇವೆ ಎಂದು ಪ್ರಮಾಣಪತ್ರ ಕೊಡಬೇಕು. ಫ್ಯಾಂಟಮ್ ಬಂದು ಕೌಂಟರಿನಲ್ಲಿ ನಿಂತರೆ? ಹುಟ್ಟಿದ್ದು ಹದಿನಾರನೆಯ ಶತಮಾನದಲ್ಲಿ. ಇಪ್ಪತ್ತು ಮಂದಿ ಸತ್ತರೂ ಒಂದು ಮರಣ ದಾಖಲೆ ಇಲ್ಲ. ಮುಸುಕು ತೆಗೆದು ಕ್ಯಾಮೆರಾ ನೋಡಿ ಎಂದರೆ, ತನ್ನ ಬರಿ ಮುಖ ನೋಡಿದವರಿಗೆ ಘೋರ ಸಾವು ಬರುತ್ತದೆ ಎನ್ನುತ್ತಾನೆ. ಯಾವ ಗುಮಾಸ್ತ ಆ ಕಾಗದಕ್ಕೆ ಸಹಿ ಹಾಕಿಯಾನು?

ಮದುವೆಯ ವಿಷಯಕ್ಕೆ ನನ್ನ ಹೆಂಡತಿಯೂ ಬಂದು ಕುಳಿತಳು. 1936ರಲ್ಲೇ ಡಯಾನಾಳನ್ನು ಕಂಡ ಫ್ಯಾಂಟಮ್ ಅವಳನ್ನು ಮದುವೆಯಾದದ್ದು 1977ರಲ್ಲಿ. ನಲವತ್ತೊಂದು ವರ್ಷ! “ನಮ್ಮ ಕಡೆ ನಿಶ್ಚಯ ಆಗಿ ನಲವತ್ತೊಂದು ದಿನ ತಡಾ ಆದರ ಊರೆಲ್ಲಾ ಮಾತಾಡತೈತಿ. ಆ ಹುಡುಗಿ ಅವ್ವ ಅಪ್ಪ ಏನು ಮಾಡಾಕತ್ತಿದ್ದರು?” ಎಂದಳು.

ಎಲ್ಲರೂ ನಗುತ್ತಿದ್ದಾಗ ಮೊಮ್ಮಗಳು ಕೊನೆಯ ಆಕ್ಷೇಪಣೆ ತೆಗೆದಳು.

“ಮುತ್ಯಾ, ಕಾಡಿನಾಗ ಎಲ್ಲಾರೂ ಕರ್ರಗ ಅದಾರ. ಯಜಮಾನ ಒಬ್ಬನ ಯಾಕ ಬೆಳ್ಳಗ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ನೆನಪು ಮಾತ್ರ ಇತ್ತು.

ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ನಾವು ಫ್ಯಾಂಟಮ್ ಆಟ ಆಡುತ್ತಿದ್ದೆವು. ಪುಸ್ತಕ ನನ್ನದು, ಕಥೆ ಹೇಳುವವನೂ ನಾನೇ. ಆದರೆ ಫ್ಯಾಂಟಮ್ ಆಗುತ್ತಿದ್ದವನು ಯಾವಾಗಲೂ ನಮ್ಮಲ್ಲಿ ಬೆಳ್ಳಗಿದ್ದ ಒಬ್ಬ ಹುಡುಗ. ನನ್ನನ್ನು ಮನೆಯಲ್ಲೇ ಕರಿಯಾ ಎಂದು ಕರೆಯುತ್ತಿದ್ದರು. ನನಗೆ ಕೊಟ್ಟ ಪಾರ್ಟು ಗುರಾನ್, ಬಂದರ್ ಜನರ ಮುಖಂಡ, ಫ್ಯಾಂಟಮ್‌ನ ಬಾಲ್ಯದ ಗೆಳೆಯ. ಒಂದು ದಿನ ಧೈರ್ಯ ಮಾಡಿ, ಇವತ್ತು ನಾನು ಫ್ಯಾಂಟಮ್ ಆಗತೀನಿ ಎಂದೆ. “ಕರೀ ಫ್ಯಾಂಟಮ್ ಎಲ್ಲರ ಇರತಾನೇನಲೇ?” ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅವ್ವನ ಕುಟಿಕಿಯ ಪೌಡರನ್ನು ಮುಖಕ್ಕೆ ಬಳಿದು ಕನ್ನಡಿಯ ಮುಂದೆ ನಿಂತದ್ದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಆಗ ನಾವ್ಯಾರೂ ಪುಸ್ತಕವನ್ನು ಪ್ರಶ್ನಿಸಲಿಲ್ಲ. ಬಂದರ್ ಎಂದರೆ ಹಡಗು ನಿಲ್ಲುವ ಬಂದರಿನ ಜನ ಎಂದುಕೊಂಡಿದ್ದೆ. ಹಿಂದಿ ಕಲಿತ ಮೇಲೆ ಗೊತ್ತಾಯಿತು, ಬಂದರ್ ಎಂದರೆ ಮಂಗ. ಕಿಪ್ಲಿಂಗರ ಜಂಗಲ್ ಬುಕ್ಕಿನಲ್ಲೂ ಮಂಗಗಳ ಹಿಂಡಿಗೆ ಬಂದರ್-ಲೋಗ್ ಎಂದೇ ಹೆಸರು. ಲೀ ಫಾಕ್ ಅದನ್ನು ಓದಿ ಬೆಳೆದವರು. ನಮ್ಮಲ್ಲಿ ಅಚ್ಚು ಹಾಕಿದವರಿಗೂ ಎಲ್ಲೋ ಮುಜುಗರವಾಗಿದೆ. ಮೂಲದ ಕಡಲುಗಳ್ಳರು ಸಿಂಗ್‌ಗಳು. ಅವರನ್ನು ಸಿಂಗಾ ಮಾಡಿದರು. ದೇಶದ ಹೆಸರು ಬಂಗಾಳದಂತೆ ಕೇಳುತ್ತಿತ್ತು, ಅದನ್ನು ಡೆಂಕಾಲಿ ಮಾಡಿದರು. ಇಪ್ಪತ್ತನೆಯ ಫ್ಯಾಂಟಮ್‌ನನ್ನು ಕೊಂದ ದುಷ್ಟನ ಹೆಸರು ರಾಮ, ಅವನು ರಾಮಾಲು ಆದ. ಹೆಸರು ಬದಲಾಯಿಸುವುದು ಸುಲಭ, ಒಂದೆರಡು ಅಕ್ಷರ ತಿದ್ದಿದರಾಯಿತು. ಚಿತ್ರ ಹಾಗೇ ಉಳಿಯಿತು. ಬೆಳ್ಳಗಿನ ಯಜಮಾನ ಸಿಂಹಾಸನದ ಮೇಲೆ, ನಮ್ಮ ಬಣ್ಣದವರು ಕೆಳಗೆ. ಅದನ್ನು ನೋಡಿ ನಲಿದವನು ನಾನೇ.

ಪೌಡರಿನ ಕಥೆಯನ್ನು ಅವತ್ತು ರಾತ್ರಿ ಕಂದೀಲಿನ ಬೆಳಕಿನಲ್ಲಿ ಮೊಮ್ಮಗಳಿಗೆ ಹೇಳಿದೆ. ಅವಳೂ ನನ್ನ ಬಣ್ಣದವಳೇ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಸಾಲಿ ನಾಟಕದಾಗ ಯಾವಾಗಲೂ ಗಿಡದ ಪಾರ್ಟು ಕೊಡತಾರ” ಎಂದಳು.

ಈ ಮಾತಿಗೆ ಏನು ಹೇಳಬೇಕು? ಟ್ರಂಕು ರದ್ದಿಗೆ ಹೋಗಲಿ ಎಂದು ಒಂದು ಕ್ಷಣ ಅನಿಸಿದ್ದು ನಿಜ. ಆದರೆ ಅದೇ ಕಥೆಯ ಒಳಗಿನ ಒಂದು ಸಂಗತಿ ನೆನಪಾಯಿತು. ಹದಿನೇಳನೆಯ ಫ್ಯಾಂಟಮ್ ಹಾಸಿಗೆ ಹಿಡಿದಾಗ ಅವನ ಅವಳಿ ತಂಗಿ ಜೂಲಿ ಅದೇ ಮುಸುಕು ತೊಟ್ಟು ಅವನ ಕೆಲಸ ಮಾಡಿದಳು ಎಂದು ಒಂದು ಕಥೆ ಇದೆ. ನಾನೂರು ವರ್ಷ ಸಾಯದೆ ಉಳಿದದ್ದು ಮನುಷ್ಯನಲ್ಲ, ಬಟ್ಟೆ ಮತ್ತು ಆಣೆ. ಪ್ರತಿ ಸಲ ಒಬ್ಬ ಫ್ಯಾಂಟಮ್ ಸತ್ತಾಗ ಗುಟ್ಟನ್ನು ಕಾಯ್ದವರು ಬಂದರ್ ಜನ. ಅವರು ಬಾಯಿ ಬಿಟ್ಟಿದ್ದರೆ ಕಥೆ ಎರಡನೆಯ ತಲೆಮಾರಿಗೇ ಮುಗಿಯುತ್ತಿತ್ತು. ಇದನ್ನು ಹೇಳಿದೆ.

ಅವಳು ಎದ್ದು ಕುಳಿತಳು. “ಅಂದ್ರ ಬಟ್ಟಿ ಯಾರರ ಹಾಕ್ಕೋಬಹುದು?”

“ಹಾಕ್ಕೋಬಹುದು.”

“ಮುತ್ಯಾ, ನಿನ್ನ ಪಟ್ಟಾಪಟ್ಟಿ ಚಡ್ಡಿ ಎಲ್ಲಿ ಐತಿ?”

ಮರುದಿನ ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ಡೆಂಕಾಲಿಯ ಕಾಡು ಹುಟ್ಟಿತು. ಮೊಮ್ಮಗಳು ಸಲವಾರಿನ ಮೇಲೆ ನನ್ನ ಚಡ್ಡಿಯನ್ನು ನಾಡಿಯಿಂದ ಎರಡು ಸುತ್ತು ಬಿಗಿದು, ಕಣ್ಣಿಗೆ ಕಪ್ಪು ರಟ್ಟಿನ ಮುಸುಕು ಕಟ್ಟಿ ಫ್ಯಾಂಟಮ್ ಆದಳು. ನಾನು ಗುರಾನ್. ಅರವತ್ತು ವರ್ಷದ ಮೇಲೆ ಮತ್ತೆ ಅದೇ ಪಾರ್ಟು. ಆದರೆ ಅವಳು ಒಂದು ಕಾಯಿದೆ ಮಾಡಿದಳು. ದಿನ ಬಿಟ್ಟು ದಿನ ಪಾರ್ಟು ಬದಲಿ.

ಹೀಗಾಗಿ ಮರುದಿನ ಚಡ್ಡಿ ನನ್ನ ಸರದಿಗೆ ಬಂತು. ಪೈಜಾಮಿನ ಮೇಲೆ ಅದನ್ನು ಏರಿಸಿ, ಮುಸುಕು ಕಟ್ಟಿ, ಬಾವಿಕಟ್ಟೆಯ ಸಿಂಹಾಸನದ ಮೇಲೆ ಕುಳಿತಿದ್ದೆ. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು, ಪಾಸ್‌ಬುಕ್ಕಿನ ಲೆಕ್ಕ ಕೇಳಲು ಪಕ್ಕದ ಮನೆಯ ಹಿರಿಯರು ಬಂದರು. ಗಾಬರಿಯಲ್ಲಿ ನನ್ನ ಮುಸುಕು ಜಾರಿತು. ಫ್ಯಾಂಟಮ್‌ನ ಬರಿ ಮುಖ ನೋಡಿದವರಿಗೆ ಘೋರ ಸಾವು ಎಂದು ಕಾಡಿನ ಗಾದೆ. ಅವರು ಸಾಯಲಿಲ್ಲ. ಕಟ್ಟೆ ಹಿಡಿದು ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡು, “ನಾಳೆ ಯಾರ ಪಾಳೇರಿ?” ಎಂದು ಕೇಳಿದರು.