ಮೇಷ್ಟ್ರೂ ಮೇಸ್ತ್ರಿಯೂ

ಅಪ್ಪ ಬಿಟ್ಟುಹೋದ 1980ರ ಪ್ರೀಮಿಯರ್ ಪದ್ಮಿನಿ ನೀಲಿ ಹೊಗೆ ಕಾರತೊಡಗಿದಾಗ ಮಾರಿಬಿಡಿ ಎಂದವರೇ ಹೆಚ್ಚು. ಗ್ಯಾರೇಜಿನ ಮೇಸ್ತ್ರಿ ಮಾತ್ರ, "ರಿಂಗು ಸವೆದಿರಬೇಕು ಮೇಷ್ಟ್ರೇ, ಬಿಚ್ಚಿ ನೋಡೋಣ" ಎಂದರು.

ಸಿಲಿಂಡರಿನ ಮೇಲಂಚಿನಲ್ಲಿ ಸವೆಯದೆ ಉಳಿದಿದ್ದ ಏಣನ್ನು ಹೆರೆದು, ನಾಲ್ಕು ಪಿಸ್ಟನ್ನುಗಳನ್ನೂ ಕನೆಕ್ಟಿಂಗ್ ರಾಡುಗಳ ಸಮೇತ ಮೇಲಕ್ಕೆ ತಳ್ಳಿ ತೆಗೆದರು. ಸುಮ್ಮನೆ ಕೂರಲಾರದ ನಾನು ರಾಡುಗಳ ಬುಡದ ಕ್ಯಾಪುಗಳನ್ನೆಲ್ಲ ಡೀಸೆಲ್ಲಿನಲ್ಲಿ ತೊಳೆದು ಅಂದವಾಗಿ ಸಾಲಿಟ್ಟೆ. ಮೇಸ್ತ್ರಿಯ ಮುಖ ಬಿಳಿಚಿತು. ರಾಡೂ ಕ್ಯಾಪೂ ಒಟ್ಟಿಗೇ ಕೊರೆಸಿಕೊಂಡ ಜೋಡಿ. ಒಂದರದು ಇನ್ನೊಂದಕ್ಕೆ ಸಲ್ಲದು. ಓಲೆಗರಿ ಕಲಸಿದ ವಿದ್ಯಾರ್ಥಿಯನ್ನು ಗದರಿದ್ದವನು ನಾನೇ!

ಪುಣ್ಯಕ್ಕೆ ಪಕ್ಕದಲ್ಲಿ ಅಂಕಿ ಒತ್ತಿದ್ದರು. ಕನ್ನಡಕ ಒರೆಸಿಕೊಂಡು ಒಂದೊಂದನ್ನೇ ಓದಿ ಹೇಳಿದೆ. ಅವರು ಜೋಡಿ ಕೂಡಿಸಿದರು.

ಹೊಸ ರಿಂಗು ತೊಟ್ಟ ಪಿಸ್ಟನ್ನುಗಳನ್ನು ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ಇಳಿಸುವಾಗ ನನ್ನನ್ನು ದೂರದ ಬೆಂಚಿಗೆ ಕಳುಹಿಸಿದ್ದರು, ಎರಡು ಕೈಗೂ ಒಂದೊಂದು ಲೋಟ ಚಹಾ ಕೊಟ್ಟು.