ಹಳೆಯ ಕಾರಿಗೆ ಹೊಸ ಕಂಪ್ರೆಸರ್

ಪಾವಗಡದ ಬಿಸಿಲನ್ನು ಪಾವಗಡದವರಿಗೆ ವರ್ಣಿಸುವ ಅಗತ್ಯವಿಲ್ಲ. ಆದರೆ ಈ ಬರಹಗಳನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಬೆಂಗಳೂರಿನಲ್ಲೋ ಹೊರದೇಶಗಳಲ್ಲೋ ನೆಲೆಸಿರುವುದರಿಂದ ಸ್ವಲ್ಪ ನೆನಪಿಸುತ್ತೇನೆ. ಯುಗಾದಿ ಕಳೆಯುವ ಹೊತ್ತಿಗೆ ನಮ್ಮ ಕೋಟೆಬೆಟ್ಟದ ಬಂಡೆಗಳು ಕಾದು, ಕತ್ತಲಾದ ಮೇಲೂ ಬಹಳ ಹೊತ್ತು ಊರಿನ ಮೇಲೆ ಶಾಖವನ್ನು ಕಾರುತ್ತಿರುತ್ತವೆ. ತಿರುಮಣಿಯ ಸುತ್ತಲಿನ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಎದ್ದು ನಿಂತಿರುವುದು ಈ ಬಿಸಿಲಿನ ಬಲದಿಂದಲೇ. ಮಳೆಯನ್ನು ನಂಬಿ ಸೋತ ರೈತರು ಅಲ್ಲಿ ಬಿಸಿಲಿಗೆ ಭೂಮಿಯನ್ನು ಗುತ್ತಿಗೆ ಕೊಟ್ಟಿದ್ದಾರೆ. ಆ ಕತೆಯೇ ಬೇರೆ, ಇನ್ನೊಮ್ಮೆ ಬರೆದೇನು. ಇಂದಿನ ವಿಷಯ, ಆ ಬಿಸಿಲಿನಲ್ಲಿ ಓಡಬೇಕಾದ ನನ್ನ ಹಳೆಯ ಕಾರಿನ ತಂಪಿನ ಯಂತ್ರ.

ಕಾರು 2007ರದು. ಹದಿನೈದು ವರ್ಷ ತುಂಬಿದಾಗ, 2022ರಲ್ಲಿ, ಅದರ ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ನವೀಕರಿಸಿದೆ. ಆ ವರ್ಷದ ಏಪ್ರಿಲ್ 1ರಿಂದ ಕಾರುಗಳ ನವೀಕರಣ ಶುಲ್ಕ ಐದು ಸಾವಿರ ರೂಪಾಯಿಗೆ ಏರಿತ್ತು. ಹಸಿರು ತೆರಿಗೆ ಬೇರೆ. "ಅಪ್ಪಾ, ಮಾರಿಬಿಡಿ, ಬೇಕಾದಾಗ ಟ್ಯಾಕ್ಸಿ ಮಾಡ್ಕೊಳ್ಳಿ" ಎಂದು ಮಗ ಆಗಲೇ ಹೇಳಿದ್ದ. ಅವನ ಲೆಕ್ಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ಕಾರನ್ನು ಉಳಿಸಿಕೊಂಡೆ. ಕಾರಣ, ನಮ್ಮ ಅಮ್ಮ.

ನಮ್ಮ ಬಂಧುಗಳಿಗೆಲ್ಲ ತಿಳಿದಿರುವಂತೆ ಅಮ್ಮನಿಗೆ ಎಂಬತ್ತೇಳು ದಾಟಿದೆ. ಅಕ್ಷಿಪಟಲದ ನಡುಭಾಗ ಕೆಡುತ್ತ ಹೋಗುವ ಕಾಯಿಲೆ ಆಕೆಗಿದೆ. ಬಲಗಣ್ಣು ಹೋಗಿ ಬಹಳ ದಿನವಾಯಿತು. ಎಡಗಣ್ಣಿಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನಾಲ್ಕು ವಾರಕ್ಕೊಮ್ಮೆ ಚುಚ್ಚುಮದ್ದು. ಸಾಲು ತಪ್ಪಿದರೆ ಒಳಗೆ ನೀರು ತುಂಬಿಕೊಳ್ಳುತ್ತದೆ, ಹಾಗೆ ಹೋದ ದೃಷ್ಟಿ ಮತ್ತೆ ಬರುವ ಭರವಸೆ ಇಲ್ಲ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಉಳಿದಿರುವ ಆ ಒಂದು ಕಣ್ಣಿನಿಂದ, ಭೂತಗನ್ನಡಿ ಹಿಡಿದು, ಅಮ್ಮ ದಿನಕ್ಕೆ ಎರಡು ಗಂಟೆ ಪತ್ರಿಕೆ ಓದುತ್ತಾಳೆ. ಇಲ್ಲಿಂದ ಬೆಂಗಳೂರು ಸುಮಾರು 160 ಕಿಲೋಮೀಟರ್. ಮಧುಗಿರಿ, ಕೊರಟಗೆರೆ, ದಾಬಸ್‌ಪೇಟೆ ಮಾರ್ಗ. ಬಸ್ಸಿನ ಮೆಟ್ಟಿಲು ಹತ್ತುವುದು ಆಕೆಗೆ ಸಾಧ್ಯವಿಲ್ಲ. ಅಪರಿಚಿತ ಚಾಲಕನ ಗಾಡಿಯಲ್ಲಿ ದಾರಿಯುದ್ದಕ್ಕೂ ನಾಲ್ಕು ಬಾರಿ ನಿಲ್ಲಿಸು ಎಂದು ಕೇಳಲು ಸಂಕೋಚ.

2024ರ ಮಾರ್ಚಿನಲ್ಲಿ ಹೀಗೆ ಹೊರಟಾಗ ಮಧುಗಿರಿಯ ಹತ್ತಿರ ಬೆಲ್ಟು ಕಿರುಚಿ, ಸುಟ್ಟ ರಬ್ಬರಿನ ವಾಸನೆ ಬಂದು, ತಂಪು ಗಾಳಿ ನಿಂತಿತು. ಎ.ಸಿ. ಸ್ವಿಚ್ಚನ್ನು ಆರಿಸಿದೊಡನೆ ಕಿರುಚಾಟವೂ ನಿಂತಿತು. ಕಾರು ಓಡಲು ತೊಂದರೆಯಿರಲಿಲ್ಲ. ಕಿಟಕಿ ಇಳಿಸಿದರೆ ಒಲೆಯ ಬಾಯಿಂದ ಬಂದಂಥ ಗಾಳಿ. ಕೊರಟಗೆರೆ ಸಮೀಪಿಸುವಾಗ ಅಮ್ಮ ಮಾತು ನಿಲ್ಲಿಸಿದಳು. ಮುಟ್ಟಿ ನೋಡಿದರೆ ಮೈ ಒಣಗಿ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ. ಹುಣಸೆ ಮರದ ನೆರಳಿಗೆ ನಿಲ್ಲಿಸಿ, ಟವೆಲನ್ನು ನೆನೆಸಿ ಕುತ್ತಿಗೆ ಕಂಕುಳಿಗೆ ಒತ್ತಿ, ಉಪ್ಪು ಸಕ್ಕರೆಯ ನೀರನ್ನು ಚಮಚದಲ್ಲಿ ಕುಡಿಸಿದ ಮೇಲೆ ಆಕೆ "ಯಾವ ಊರಪ್ಪಾ ಇದು?" ಎಂದಳು. ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದೂ ಕಡಿಮೆ, ಬೆವರುವುದೂ ಕಡಿಮೆ. ಆದ್ದರಿಂದ ಅವರ ದೇಹ ಕಾಯುತ್ತಿರುವುದು ಪಕ್ಕದಲ್ಲಿ ಕುಳಿತವರಿಗೂ ಗೊತ್ತಾಗುವುದಿಲ್ಲ ಎಂದು ಅಂದು ಆಸ್ಪತ್ರೆಯಲ್ಲಿ ತಿಳಿಸಿದರು. ಮುಂದಿನ ಚುಚ್ಚುಮದ್ದಿಗೆ ನಾಲ್ಕು ವಾರವಿತ್ತು. ಅದು ಬರುವುದು ಏಪ್ರಿಲ್ ನಡುವಿನಲ್ಲಿ.

ಇದಕ್ಕೂ ಹಿಂದಿನ ಮೂರು ಬೇಸಿಗೆಗಳಲ್ಲಿ ತಂಪು ಕಡಿಮೆಯಾದಾಗ ಬೇರೆ ಊರಿನ ಒಂದು ಅಂಗಡಿಯಲ್ಲಿ ಗ್ಯಾಸ್ ತುಂಬಿಸಿದ್ದುಂಟು. ಎಲ್ಲಿ ಸೋರುತ್ತಿದೆ ಎಂದು ಪ್ರತಿ ಸಲವೂ ಕೇಳಿದೆ. "ಹಳೇ ಗಾಡಿ ಸಾರ್, ಗ್ಯಾಸ್ ಖರ್ಚಾಗ್ತದೆ" ಎಂಬುದೇ ಪ್ರತಿ ಸಲದ ಉತ್ತರ. ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ವರ್ಷಗಳಲ್ಲಿ ಅತ್ಯಲ್ಪ ಜಿನುಗಬಹುದು. ವರ್ಷಕ್ಕೊಮ್ಮೆ ತುಂಬಿಸಬೇಕಾಗಿ ಬಂದರೆ ಎಲ್ಲೋ ತೂತಿದೆ ಎಂದೇ ಅರ್ಥ.

ಈ ಬಾರಿ ನಮ್ಮೂರಿನಲ್ಲೇ, ಹಿಂದೂಪುರದಲ್ಲಿ ಕೆಲಸ ಕಲಿತು ಬಂದಿರುವ ಒಬ್ಬ ಯುವಕನಿಗೆ ತೋರಿಸಿದೆ. ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಾತನಾಡುವ ಹುಡುಗ, ಕೈಕೆಲಸದಲ್ಲಿ ಮಾತ್ರ ಅರೆಬರೆ ಇಲ್ಲ. ಕಂಪ್ರೆಸರನ್ನು ಬಿಚ್ಚಿ, ಅದರ ಎಣ್ಣೆಯನ್ನು ಒಂದು ಬಿಳಿಯ ಬಟ್ಟಲಿಗೆ ಬಸಿದು ನನ್ನ ಮುಂದಿಟ್ಟ. ತಿಳಿಯಾಗಿರಬೇಕಾದ ಎಣ್ಣೆ ಕಾಡಿಗೆಯಂತಿತ್ತು. ಬೆರಳಿನಿಂದ ಉಜ್ಜಿದರೆ ಬೆಳ್ಳಿಯ ಪುಡಿಯಂತೆ ಮಿನುಗು.

"ಮೇಷ್ಟ್ರೇ, ಇದು ತಾನಾಗೇ ಸತ್ತಿಲ್ಲ. ಎಣ್ಣೆ ಇಲ್ದಂಗೆ ಓಡ್ಸಿ ಸಾಯಿಸವ್ರೆ" ಎಂದ.

ಅವನ ಮಾತಿನ ಅರ್ಥವನ್ನು ವಿವರಿಸಬೇಕಾದರೆ ತರಗತಿಗೆ ಒಂದು ಗಳಿಗೆ ಮರಳಬೇಕು, ಸಹಿಸಿಕೊಳ್ಳಿ. ಮಣ್ಣಿನ ಹೂಜಿಯ ನೀರು ಏಕೆ ತಣ್ಣಗಿರುತ್ತದೆ? ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಕೀಳುತ್ತದೆ. ಗುಪ್ತೋಷ್ಣ ಎಂದು ನಿಮ್ಮಿಂದ ಬರೆಯಿಸುತ್ತಿದ್ದೆನಲ್ಲ, ಅದೇ. ಕಾರಿನಲ್ಲಿ ನೀರಿನ ಬದಲು ಆರ್-134ಎ ಎಂಬ ದ್ರವ. ಸಾಮಾನ್ಯ ವಾಯುಭಾರದಲ್ಲಿ ಅದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಮುಂಭಾಗದ ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್‌ನಲ್ಲಿ ಅದು ಆವಿಯಾಗುತ್ತ ಕಾರಿನೊಳಗಿನ ಶಾಖವನ್ನು ಹೀರುತ್ತದೆ. ಹೂಜಿಯ ಆವಿ ಗಾಳಿಗೆ ಹೋಗಿಬಿಡುತ್ತದೆ, ನಾವು ಮತ್ತೆ ನೀರು ತುಂಬುತ್ತೇವೆ. ಇಲ್ಲಿ ಆ ಆವಿಯನ್ನೇ ಹಿಡಿದು ಮತ್ತೆ ದ್ರವ ಮಾಡಬೇಕು. ಅದಕ್ಕಾಗಿ ಕಂಪ್ರೆಸರ್ ಅದನ್ನು ಒತ್ತುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವಂತೆ ಒತ್ತಿದ ಅನಿಲವೂ ಬಿಸಿಯಾಗುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಆ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ದ್ರವವಾಗುತ್ತದೆ.

ಪಾವಗಡದ ಕಷ್ಟ ಇರುವುದು ಇಲ್ಲಿಯೇ. ಹೊರಗಿನ ಗಾಳಿಯೇ 40 ಡಿಗ್ರಿ ಇದ್ದರೆ, ಅದಕ್ಕೆ ಶಾಖ ಬಿಡಲು ಅನಿಲ 55-60 ಡಿಗ್ರಿಗೆ ಏರಬೇಕು. ಅಂದರೆ ಹದಿನೈದು ಹದಿನೇಳು ವಾಯುಭಾರಗಳ ಒತ್ತಡ. ಡಿಸೆಂಬರಿನ ಒಂದು ಹಿತವಾದ ದಿನ ಹತ್ತು ಸಾಕು. ಇಷ್ಟು ದುಡಿಯುವ ಕಂಪ್ರೆಸರಿಗೆ ಎಂಜಿನ್ನಿಗಿರುವಂತೆ ತನ್ನದೇ ಎಣ್ಣೆಯ ತೊಟ್ಟಿ ಸಾಮಾನ್ಯವಾಗಿ ಇರುವುದಿಲ್ಲ. ಗ್ಯಾಸ್‌ನೊಂದಿಗೆ ಬೆರೆತು ಊರೆಲ್ಲ ಸುತ್ತಿ ಮರಳುವ ಎಣ್ಣೆಯೇ ಅದಕ್ಕೆ ಆಧಾರ. ಸೋರಿಕೆಯಿಂದ ಗ್ಯಾಸ್ ಕಡಿಮೆಯಾದರೆ ಎಣ್ಣೆ ಮರಳುವುದೂ ಕಡಿಮೆ, ತೂತಿನ ಮೂಲಕ ಎಣ್ಣೆಯೂ ಹೊರಹೋಗುತ್ತದೆ. ತೂತನ್ನು ಹಾಗೆಯೇ ಬಿಟ್ಟು, ಎಣ್ಣೆಯನ್ನು ಕೇಳದೆ, ಗ್ಯಾಸನ್ನಷ್ಟೇ ಮೂರು ವರ್ಷ ತುಂಬಿದರೆ ಒಳಗಿನ ಲೋಹ ಲೋಹವನ್ನೇ ತಿನ್ನುತ್ತದೆ. ಬಟ್ಟಲಿನಲ್ಲಿ ಮಿನುಗಿದ್ದು ಆ ಪುಡಿ.

ಹುಡುಗ ಹೇಳಿದ ಮುಖ್ಯವಾದ ಮಾತು ಇನ್ನೊಂದು. ಈ ಪುಡಿ ಕೊಳವೆಗಳಿಗೆಲ್ಲ ಹರಡಿರುತ್ತದೆ. ಕಂಪ್ರೆಸರ್ ಒಂದನ್ನೇ ಹೊಸದು ಹಾಕಿದರೆ ಹಳೆಯ ಪುಡಿ ಹೊಸತನ್ನೂ ಕೆಲವೇ ತಿಂಗಳಲ್ಲಿ ತಿಂದುಹಾಕೀತು. ಆದ್ದರಿಂದ ತೇವವನ್ನೂ ಕಸವನ್ನೂ ಹಿಡಿಯುವ ಡ್ರೈಯರ್ ಹೊಸದಾಗಬೇಕು, ಎಕ್ಸ್‌ಪಾನ್ಶನ್ ವಾಲ್ವ್ ಹೊಸದಾಗಬೇಕು. ಕಂಡೆನ್ಸರಿನ ಕೂದಲೆಳೆಯಂಥ ದಾರಿಗಳನ್ನು ತೊಳೆದು ಶುದ್ಧ ಮಾಡುವುದು ಸಾಧ್ಯವಾಗದ ಮಾತು, ಅದೂ ಹೊಸದು. ಸಾರಜನಕ ತುಂಬಿ ಸೋಪಿನ ನೊರೆ ಹಚ್ಚಿ ನೋಡಿದಾಗ ಸೋರುತ್ತಿದ್ದುದೂ ಅದರ ಕೆಳಮೂಲೆಯಲ್ಲೇ. ಜಲ್ಲಿಕಲ್ಲಿನ ಪೆಟ್ಟಿಗೆ ಸವೆದಿತ್ತು. ಕೂಲಿಂಗ್ ಕಾಯಿಲ್ ಮತ್ತು ಪೈಪುಗಳನ್ನು ತೊಳೆದರೆ ಸಾಕು.

ಬೆಲೆಯ ಪ್ರಶ್ನೆ ಬಂತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದೆ. ಗುಜರಿಯದು ಅಗ್ಗ, ಆದರೆ ಅದರೊಳಗೆ ಇನ್ನಾರ ಕಾರಿನ ಪುಡಿ ಇದೆಯೋ. ರಿಪೇರಿ ಮಾಡಿದ್ದು ನಡುವೆ. ಹೊಸದು ದುಬಾರಿ. ಎಲ್ಲವೂ ಸೇರಿ ಮೂವತ್ತು ಸಾವಿರಕ್ಕೆ ಹತ್ತಿರ. ಮಾರಿದರೆ ಕಾರಿಗೆ ಅದರ ಎರಡರಷ್ಟು ಬಂದರೆ ಹೆಚ್ಚು. ಮಗ ಫೋನಿನಲ್ಲಿ ನಕ್ಕ. ನಾನು ಬೇರೆ ರೀತಿಯಲ್ಲಿ ಗುಣಿಸಿದೆ. ಬೆಂಗಳೂರಿಗೆ ಹೋಗಿಬರಲು ಟ್ಯಾಕ್ಸಿಗೆ ಆಗ ಐದು ಸಾವಿರಕ್ಕೂ ಮೇಲೆ ಕೇಳುತ್ತಿದ್ದರು, ಪೆಟ್ರೋಲಿಗೆ ಎರಡು ಸಾವಿರದ ಮೇಲೆ ಸ್ವಲ್ಪ. ಹತ್ತು ಹನ್ನೊಂದು ಚುಚ್ಚುಮದ್ದಿಗೆ ಹಣ ತೀರಿತು. ಕಾರಿನ ಬೆಲೆಗೂ ಈ ಖರ್ಚಿಗೂ ಸಂಬಂಧವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಕಾರು ಯಾವ ಕೆಲಸ ಮಾಡಬೇಕಾಗಿದೆ ಎಂಬುದರೊಂದಿಗೆ ಮಾತ್ರ ಸಂಬಂಧ. ಹೊಸದನ್ನೇ ತರಿಸಿದೆ.

ವಿಜ್ಞಾನದ ಮೇಷ್ಟರ ಚಟಕ್ಕೆ ಇನ್ನೊಂದು ಲೆಕ್ಕ. ಓಝೋನ್ ಪದರದ ಪಾಠ ನಿಮಗೆ ನೆನಪಿರಬಹುದು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದ್ದು, 1987ರ ಮಾಂಟ್ರಿಯಲ್ ಒಪ್ಪಂದ, 1992ರಲ್ಲಿ ಭಾರತ ಅದನ್ನು ಸೇರಿದ್ದು. ಹಳೆಯ ಕಾರುಗಳಲ್ಲಿದ್ದ ಆರ್-12 ಹೋಗಿ ಆರ್-134ಎ ಬಂದದ್ದು ಆ ಕಾರಣದಿಂದ. ಇದರಲ್ಲಿ ಕ್ಲೋರಿನ್ ಇಲ್ಲ, ಓಝೋನಿಗೆ ಅಪಾಯವಿಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದರ ಒಂದು ಕಿಲೋ ಸುಮಾರು 1,400 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. ಇದನ್ನೂ ಕ್ರಮೇಣ ಇಳಿಸಬೇಕೆಂಬ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿತು. ನನ್ನ ಕಾರಿನಲ್ಲಿ ಹಿಡಿಯುವುದು 450 ಗ್ರಾಂ. ಅಂದರೆ 630 ಕಿಲೋ. ಒಂದು ಲೀಟರ್ ಪೆಟ್ರೋಲ್ ಉರಿದರೆ ಬರುವುದು ಸುಮಾರು 2.3 ಕಿಲೋ. ಭಾಗಿಸಿ ನೋಡಿ: ಒಮ್ಮೆ ಪೂರ್ತಿ ಸೋರಿಹೋದ ಗ್ಯಾಸ್, 270 ಲೀಟರಿಗೂ ಹೆಚ್ಚು ಪೆಟ್ರೋಲನ್ನು ಉರಿಸಿದಂತೆ. ಲೀಟರಿಗೆ 15 ಕಿಲೋಮೀಟರ್ ಎಂದರೂ ಬೆಂಗಳೂರಿಗೆ ಹನ್ನೆರಡು ಸಲ ಹೋಗಿಬಂದಷ್ಟು. "ಖರ್ಚಾಗ್ತದೆ" ಎಂಬ ಆ ಅಂಗಡಿಯವನ ಮಾತಿನ ತೂಕ ಇಷ್ಟು. ನಮ್ಮ ಹುಡುಗ ಪೈಪು ಬಿಚ್ಚುವ ಮುನ್ನ, ಉಳಿದಿದ್ದ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಂಡಿದ್ದ. ಪಾಠ ಓದಿ ಹಾಗೆ ಮಾಡಿದ್ದಲ್ಲ, ಗ್ಯಾಸಿಗೂ ಕಾಸು ಉಂಟಲ್ಲ ಎಂದು. ಕಾರಣ ಯಾವುದಾದರೇನು, ನನಗೆ ಸಂತೋಷವಾಯಿತು.

ಜೋಡಣೆಗೆ ಎರಡು ದಿನ ಹಿಡಿಯಿತು. ಹಳೆಯದರಿಂದ ಬಸಿದ ಎಣ್ಣೆ, ಹೊಸದರಲ್ಲಿ ಬಂದ ಎಣ್ಣೆ ಎರಡನ್ನೂ ಅಳತೆ ಮಾಡಿ ಕೊಟ್ಟ. ಪಂಪಿನಿಂದ ಒಂದು ಗಂಟೆ ನಿರ್ವಾತ ಮಾಡಿ, ಮುಳ್ಳು ಅಲುಗದೆ ನಿಲ್ಲುತ್ತದೆಯೇ ಎಂದು ರಾತ್ರಿಯಿಡೀ ಹಾಗೆಯೇ ಬಿಟ್ಟ. ಒಳಗೆ ತೇವ ಉಳಿದರೆ ಅದು ಎಣ್ಣೆಯನ್ನು ಕೆಡಿಸುತ್ತದೆ, ವಾಲ್ವಿನ ಸಣ್ಣ ಬಾಯಲ್ಲಿ ಹಿಮವಾಗಿ ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಮುಳ್ಳು ಇದ್ದಲ್ಲೇ ಇತ್ತು. ಗ್ಯಾಸನ್ನು ಕೈಯಂದಾಜಿನಲ್ಲಿ ತುಂಬದೆ ತಕ್ಕಡಿಯಲ್ಲಿಟ್ಟು ತೂಗಿ ತುಂಬಿದ. ನಾನು ಮನೆಯಿಂದ ಉಷ್ಣಮಾಪಕ ಒಯ್ದಿದ್ದೆ. ಹೊರಗೆ 38, ಗಾಳಿ ಬರುವ ಕಿಂಡಿಯಲ್ಲಿ 9. ಅವನೂ ಬಗ್ಗಿ ನೋಡಿ, "ಪರವಾಗಿಲ್ಲ ಮೇಷ್ಟ್ರೇ" ಎಂದ.

ಏಪ್ರಿಲ್ ನಡುವಿನ ಚುಚ್ಚುಮದ್ದು ಹೇಳಿದ ದಿನವೇ ಆಯಿತು. ಮಧುಗಿರಿಯ ಏಕಶಿಲೆ ಕಾಣುವ ಹೊತ್ತಿಗೆ ಅಮ್ಮ ಸೆರಗನ್ನು ತಲೆಯ ಮೇಲೆ ಹೊದ್ದು, "ಎಷ್ಟು ಚಳಿ ಮಾಡ್ತೀಯೋ, ಕಮ್ಮಿ ಮಾಡು" ಎಂದಳು. ತಾನು ಮದುವೆಯಾಗಿ ಬಂದಾಗ ಎತ್ತಿನ ಗಾಡಿಯ ಕಮಾನಿಗೆ ಗೋಣಿತಾಟನ್ನು ನೆನೆಸಿ ಕಟ್ಟಿದ್ದರಂತೆ, ಅದು ಒಣಗಿದಾಗಲೆಲ್ಲ ದಾರಿಯ ಬಾವಿಗಳಲ್ಲಿ ನಿಲ್ಲಿಸಿ ನೀರು ಚಿಮುಕಿಸುತ್ತಿದ್ದರಂತೆ. ಕೊರಟಗೆರೆ ದಾಟುವವರೆಗೂ ಅದನ್ನೇ ಹೇಳುತ್ತಿದ್ದಳು. ನನಗೂ ತಂಗಿಯರಿಗೂ ಆ ಕತೆ ಹೊಸದು.

ಹಳೆಯ ಕಂಪ್ರೆಸರನ್ನು ಗುಜರಿಗೆ ಹಾಕಿಲ್ಲ. ಹುಡುಗ ಅದನ್ನು ಅಡ್ಡಲಾಗಿ ಕೊಯ್ದು ಕೊಟ್ಟಿದ್ದಾನೆ. ಪಿಸ್ಟನ್ನುಗಳ ಮೇಲಿನ ಗೀರುಗಳು ಬರಿಗಣ್ಣಿಗೆ ಕಾಣುತ್ತವೆ. ನಮ್ಮ ಮನೆಯ ವರಾಂಡದಲ್ಲಿ ಇಟ್ಟಿದ್ದೇನೆ. ಊರಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಬನ್ನಿ, ತೋರಿಸುತ್ತೇನೆ.