ತಾನೂರಿನ ಅಳಿವೆ ಮತ್ತು ವಿಹಾರದ ದೋಣಿ

ಮಂಗಳೂರಿನಿಂದ ದಕ್ಷಿಣಕ್ಕೆ ಹೋಗುವ ರೈಲು ಕಲ್ಲಿಕೋಟೆ, ಪರಪ್ಪನಂಗಡಿ ದಾಟಿದರೆ ತಾನೂರು ಸಿಗುತ್ತದೆ. ಮಲಪ್ಪುರಂ ಜಿಲ್ಲೆಯ ಊರು. ಇಲ್ಲಿ ಪೂರಪ್ಪುಳ ನದಿ ಅರಬಿ ಸಮುದ್ರವನ್ನು ಸೇರುವ ದಡಕ್ಕೆ ತೂವಲ್ ತೀರ ಎಂದು ಹೆಸರು. ನಮ್ಮ ಉಳ್ಳಾಲದ ಅಳಿವೆ ಕಂಡವರಿಗೆ ಈ ನೋಟ ಹೊಸದೇನಲ್ಲ.

2023ರ ಮೇ 7, ಭಾನುವಾರ. ಬೇಸಿಗೆ ರಜೆಯೆಂದು ಕುಟುಂಬಗಳು ಮಕ್ಕಳೊಂದಿಗೆ ಇಲ್ಲಿಗೆ ಬಂದಿದ್ದವು. ಸಂಜೆ ಕಳೆದು ಹೊರಟ ವಿಹಾರದ ದೋಣಿಯೊಂದು ಮಗುಚಿ 22 ಮಂದಿ ಮೃತಪಟ್ಟರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಒಂದೇ ಕುಟುಂಬದ 11 ಮಂದಿ ಹೋದರು. ಅಲ್ಲಾಹನು ಅವರಿಗೆ ಮಗ್‌ಫಿರತ್ ನೀಡಲಿ.

ಅದು ಮೀನು ಹಿಡಿಯುವ ದೋಣಿಯನ್ನು ಬದಲಾಯಿಸಿ ಮಾಡಿದ್ದು. ಮೀನಿನ ದೋಣಿ ಭಾರವನ್ನು ತಳದಲ್ಲಿ ಹೊರಬೇಕು. ಅದಕ್ಕೆ ಮಾಳಿಗೆ ಕಟ್ಟಿ ಜನರನ್ನು ಹತ್ತಿಸಿದರೆ, ತಲೆಯ ಮೇಲೆ ತುಂಬಿದ ಕೊಡ ಹೊತ್ತು ಜಾರುವ ದಾರಿಯಲ್ಲಿ ನಡೆದಂತೆ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಮಂದಿ ಮುಳುಗಿ ಸತ್ತದ್ದೂ ಮಾಳಿಗೆಯ ದೋಣಿಯಿಂದಲೇ.

ಆದ್ದರಿಂದ ಸಹೋದರಿಯರೇ, ಆಲಪ್ಪುಳದ ಹಿನ್ನೀರಿಗೆ ಹೋಗಿ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ, ಟಿಕೆಟಿಗೆ ಮೊದಲು ದೋಣಿಯನ್ನು ನೋಡಿ. ನೋಂದಣಿ ಸಂಖ್ಯೆ ಇದೆಯೇ, ಎಷ್ಟು ಜನರಿಗೆ ಅನುಮತಿ? ತಲೆ ಎಣಿಸಿ, ಕಂಕುಳಲ್ಲಿರುವ ಮಗುವನ್ನೂ ಸೇರಿಸಿ. ಕೆಳಗೆ ಕುಳಿತವರು ಹೊರಬರಲು ದಾರಿ ಅಗಲವಾಗಿದೆಯೇ, ಅಥವಾ ಸುತ್ತಲೂ ಗಾಜು ಮುಚ್ಚಿದೆಯೇ?

ಲೈಫ್ ಜಾಕೆಟಿನ ವಿಷಯದಲ್ಲಿ ನಮ್ಮವರ ಸಂಕೋಚ ಹೆಚ್ಚು. ಬುರ್ಖಾದ ಮೇಲೆ ಚೆನ್ನಾಗಿ ಕಾಣುವುದಿಲ್ಲವೆಂದು ಮಡಿಲಲ್ಲಿಟ್ಟುಕೊಳ್ಳುವವರಿದ್ದಾರೆ. ನೀರಿಗೆ ಬಿದ್ದ ಮೇಲೆ ಅದನ್ನು ತೊಡಲು ಯಾರಿಂದಲೂ ಆಗದು, ಒದ್ದೆ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಬುರ್ಖಾದ ಮೇಲೆಯೇ ತೊಟ್ಟು ಎಲ್ಲ ಬಕಲ್ ಹಾಕಿ, ಪಟ್ಟಿ ಬಿಗಿ ಮಾಡಿ. ಇದರಿಂದ ಪರ್ದಾಕ್ಕೆ ಯಾವ ಕೊರತೆಯೂ ಇಲ್ಲ. ದೋಣಿಯ ಗಂಡಸರು ಕಟ್ಟುವುದು ಬೇಡವೆನಿಸಿದರೆ ಹೆಂಗಸರೇ ಒಬ್ಬರಿಗೊಬ್ಬರು ಕಟ್ಟಿಕೊಳ್ಳಬಹುದು. ಮಗುವಿಗೆ ದೊಡ್ಡವರ ಜಾಕೆಟ್ ಬೇಡ. ತೊಡಿಸಿದ ಮೇಲೆ ಹೆಗಲ ಬಳಿ ಹಿಡಿದು ಮೇಲಕ್ಕೆಳೆಯಿರಿ. ಅದು ಗಲ್ಲ, ಕಿವಿಗಳವರೆಗೆ ಜಾರಿ ಬಂದರೆ ನೀರಿನಲ್ಲಿ ಮಗು ಅದರಿಂದ ಕಳಚಿ ಹೋಗುತ್ತದೆ.

ದೋಣಿ ಹತ್ತುವಾಗ ಪ್ರವಾದಿ ನೂಹ್(ಅ)ರ ದುಆವನ್ನು ಮಕ್ಕಳಿಂದ ಓದಿಸುತ್ತೇವೆ. ಒಳ್ಳೆಯದೇ. ಆದರೆ ಅವರು ಹಡಗನ್ನು ಮೊದಲು ಕಟ್ಟಿದರು. ಹಲಗೆ, ಮೊಳೆಗಳ ಪ್ರಸ್ತಾಪ ಕುರ್‌ಆನ್‌ನಲ್ಲಿಯೇ ಇದೆ.

“ಏನೂ ಆಗಲ್ಲ ಇತ್ತಾ, ಹತ್ತಿ” ಎಂದು ದೋಣಿಯವನು ಅವಸರ ಮಾಡಬಹುದು (ಮಲಬಾರಿನಲ್ಲಿ ಅಕ್ಕನನ್ನು ಹೀಗೆ ಕರೆಯುತ್ತಾರೆ). ಜಾಕೆಟ್ ಸಾಲದಿದ್ದರೆ, ಜನ ಹೆಚ್ಚಿದ್ದರೆ, ಕತ್ತಲಾಗುತ್ತಿದ್ದರೆ ಇಳಿದುಬಿಡಿ. ಟಿಕೆಟಿನ ಹಣ ಹೋದರೆ ಹೋಗಲಿ. ಮಗ್‌ರಿಬ್ ಹೊತ್ತಿಗೆ ಮಕ್ಕಳು ದಡದಲ್ಲಿರಲಿ. ಅಳಿವೆಯ ಸಂಜೆಗೆಂಪು ಅಲ್ಲಿಂದಲೂ ಕಾಣುತ್ತದೆ.